ಬಾಗಿಲಿಗಿಂತ ಅಗಲದ ತಖತ್ತು

ಕೇಶರಬಾಯಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಬಿಡಿ. ಯಾಕಮ್ಮ ಇಷ್ಟು ಸಿಟ್ಟು ಎಂದು ಒಬ್ಬರಾದರೂ ಕೇಳಿದರೇ? ಹನ್ನೆರಡರ ವಯಸ್ಸಿಗೆ ಉದಗೀರ ಕಡೆಯಿಂದ ಮದುವೆಯಾಗಿ ಬಂದವಳು, ಸಂತಪುರದಿಂದ ಒಂದು ಹರದಾರಿ ಆಚೆಯ ಆ ಊರಿನ ಕಟ್ಟಕಡೆಯ ಓಣಿಯಲ್ಲಿ ಮೂವತ್ತು ವರ್ಷ ಕೊಡಲಿ ಹಿಡಿದು ಕಟ್ಟಿಗೆ ಸೀಳಿದಳು. ಪಾಟೀಲನ ಮನೆಯ ಒಲೆಗೂ ಅವಳು ಸೀಳಿದ್ದೇ, ಊರ ಮದುವೆಗಳ ಅಡುಗೆಗೂ ಅವಳು ಸೀಳಿದ್ದೇ. ಅವಳ ಕಟ್ಟಿಗೆ ಒಳಗೆ ಹೋಗಲು ಮೈಲಿಗೆಯಿಲ್ಲ. ಸೀಳಿದ ಕೈ ಹೊಸ್ತಿಲು ಮುಟ್ಟಿದರೆ ಮಾತ್ರ ಮೈಲಿಗೆ! ಇದನ್ನು ದಿನಾ ನುಂಗುವವಳಿಗೆ ಸಿಟ್ಟು ಬರದೆ ನಗು ಬರುತ್ತದೆಯೇ?

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಮನೆಯ ಮುಂದೆ ಹೊರಸು ಹಾಕಿಕೊಂಡು ಕೂತವರು, ಪಾಟೀಲ ಆ ದಾರಿಯಲ್ಲಿ ಬಂದನೆಂದರೆ ಎದ್ದು ನಿಲ್ಲಬೇಕು. ಮನುಷ್ಯರು ನಿಂತರೆ ಸಾಲದು. ಹಗ್ಗ ಹೆಣೆದ ಹೊರಸನ್ನೂ ಎತ್ತಿ ಗೋಡೆಗೆ ನಿಲ್ಲಿಸಬೇಕು. ಅವನು ಬೇವಿನ ಮರದ ತಿರುವು ದಾಟುವ ತನಕ ಮನುಷ್ಯರೂ ಹೊರಸೂ ನಿಂತೇ ಇರಬೇಕು. ಇದಕ್ಕಾಗಿಯೇ ಆ ಓಣಿಯವರು ಯಾರೂ ಭಾರದ ಮಂಚ ಮಾಡಿಸುತ್ತಿರಲಿಲ್ಲ. ಕೇಶರಬಾಯಿಯ ಗಂಡ ಮಚ್ಛೇಂದ್ರನ ಕೈಯಂತೂ ಇದರಲ್ಲಿ ಪಳಗಿಹೋಗಿತ್ತು. ಪಾಟೀಲನ ಕೆಮ್ಮು ಕೇಳಿದರೆ ಸಾಕು, ಹೊರಸು ಗೋಡೆಗೆ ನಿಂತಿರುತ್ತಿತ್ತು.

ನಿಜಾಮ ಹೋದ. ಜಹಗೀರು ಹೋಯಿತು. ಐವತ್ತಾರರ ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯ ಸೇರಿತು, ಸಾಲೆಯ ಮುಂದೆ ಧ್ವಜ ಹಾರಿಸಿ ಪೇಢೆ ಹಂಚಿದರು. ಕೇಶರಬಾಯಿಯ ತವರು ಮುಂಬಯಿ ರಾಜ್ಯಕ್ಕೆ ಹೋಯಿತು. ಊರಿಗೂರೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಿದರೂ ಈ ಹೊರಸು ಗೋಡೆಗೆ ನಿಲ್ಲುವುದು ಮಾತ್ರ ತಪ್ಪಲಿಲ್ಲ.

ಧ್ವಜ ಹಾರಿಸಿ ಒಂದು ತಿಂಗಳಾಗಿರಲಿಲ್ಲ, ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಕೌಸಲ್ಯಾ ಹೆತ್ತಳು. ಮೊದಲ ಹೆರಿಗೆ, ಎರಡು ದಿನ ಒದ್ದಾಡಿ, ಸತ್ತು ಬದುಕಿದ್ದಳು. ಐದನೆಯ ದಿನ ಎಳೆಬಿಸಿಲಿಗೆಂದು ಮನೆಯ ಮುಂದೆ ಹೊರಸಿನ ಮೇಲೆ ಕೂಸಿನ ಜೊತೆ ಮಲಗಿದ್ದಳು. ಆಗ ಕೆಮ್ಮು ಕೇಳಿಸಿತು.

"ಏಳವ್ವ, ಏಳು! ಪಾಟೀಲ್ರು ಬರ್ಲತ್ತಾರ!" ಎನ್ನುತ್ತ ಮಚ್ಛೇಂದ್ರ ಹೊರಸಿಗೆ ಕೈ ಹಾಕಿದ.

ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಓಣಿಯ ಬಾಯಿಗೆ ಬಂದ ಕೇಶರಬಾಯಿ ನೋಡಿದಳು. ಮಗಳು ಗೋಡೆ ಹಿಡಿದು ತೂಗಾಡುತ್ತ ನಿಂತಿದ್ದಳು, ಕಾಲ ಮೇಲೆ ರಕ್ತ ಇಳಿಯುತ್ತಿತ್ತು. ಕೂಸು ನೆಲದ ಮೇಲೆ ಗೋಣಿತಟ್ಟಿನಲ್ಲಿ ಚೀರುತ್ತಿತ್ತು. ಹೊರಸು ಗೋಡೆಗೆ ನಿಂತಿತ್ತು. ಪಾಟೀಲ ಅತ್ತ ಕಣ್ಣೂ ಹಾಯಿಸದೆ ನಡೆದುಹೋದ.

ಅವಳು ಹೊರೆಯನ್ನು ಗಂಡನ ಕಾಲ ಬುಡಕ್ಕೇ ಒಗೆದಳು. "ನಿಮ್ಮ ಕೈ ಸೇದಿ ಹೋಗ್ಲಿ! ಐದು ದಿನದ ಬಾಣಂತಿನ ಎಬ್ಬಸ್ತೀರಿ? ಹೆತ್ತ ಮಗಳು ಕಾಣ್ಲಿಲ್ಲೇನ್ ಕಣ್ಣಿಗಿ?"

ಮಚ್ಛೇಂದ್ರ ತನ್ನ ಕೈಗಳನ್ನೇ ನೋಡಿಕೊಂಡ. "ನಾ ಏನ್ ಮಾಡ್ಲಿ? ಕೈ ತಾನೇ ಹೋಗ್ತದ."

ಅವನು ಸುಳ್ಳು ಹೇಳಲಿಲ್ಲ. ಅದೇ ಅವಳ ಹೊಟ್ಟೆಗೆ ಬೆಂಕಿ ಹಾಕಿದ್ದು. ಐವತ್ತು ವರ್ಷ ಎತ್ತಿದ ಕೈ ಅವನದೇ ಮಾತು ಕೇಳುವುದಿಲ್ಲ ಎಂದ ಮೇಲೆ ಬೈದು ಏನು ಫಲ? ಆ ಕೈಗೆ ಜಗ್ಗದಂಥದ್ದನ್ನೇ ತರಬೇಕು. ಮಗಳು ಮುಂದಿನ ಬಾಣಂತನಕ್ಕೆ ಬರುವುದರೊಳಗೆ ತರಬೇಕು. ಅಂದೇ ಅವಳು ಇದನ್ನು ತೀರ್ಮಾನ ಮಾಡಿದಳು, ಯಾರಿಗೂ ಹೇಳಲಿಲ್ಲ.

ಬೇಸಿಗೆಯ ಮೊದಲಲ್ಲಿ ಮಗಳನ್ನೂ ಕೂಸನ್ನೂ ಸಾಯಗಾಂವಕ್ಕೆ, ಗಂಡನ ಮನೆಗೆ ಬಿಟ್ಟು ಬರುವಾಗ ಕೇಶರಬಾಯಿ ಭಾಲ್ಕಿಯ ಬಜಾರಿನಲ್ಲಿ ಇಳಿದಳು. ಎಮ್ಮೆ ಮಾರಿದ ದುಡ್ಡು ಸೊಂಟದಲ್ಲಿತ್ತು. ಮಂಚ ಮಾರುವ ಅಂಗಡಿಯ ಸಾವಕಾರ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಯಾರ ಮನಿಗಿ ಹೊರಬೇಕು?"

"ನನ್ನ ಮನಿಗೇ. ಸಾಗವಾನಿ ಮಂಚ ತೋರಸ್ರಿ. ನಾ ಸತ್ತ ಮ್ಯಾಲೂ ಇರ್ಬೇಕು, ಅಂಥಾದ್ದು."

ಅವನು ಕೆಂಪಗೆ ಮಿರುಗುವ ಒಂದು ಮಂಚ ತೋರಿಸಿದ. ಕೇಶರಬಾಯಿ ಬಗ್ಗಿ, ಬಣ್ಣ ಮುಟ್ಟದ ಅಡಿಭಾಗವನ್ನು ಉಗುರಿನಿಂದ ಕೆರೆದು, ಉಗುರನ್ನು ಮೂಗಿಗೆ ಹಿಡಿದಳು.

"ಇದು ಮಾವಿನ ಕಟ್ಟಿಗಿರಿ. ಕೆಂಪು ಬಣ್ಣ ಬಳದ್ರ ಸಾಗವಾನಿ ಆಗ್ತದೇನ್? ಎರಡು ಮಳಿಗಾಲಕ್ಕ ಹುಳ ತಿಂದು ಹಿಟ್ಟು ಮಾಡ್ತಾವ."

"ನಿನಗೇನು ಗೊತ್ತು ಸಾಗವಾನಿ?"

"ಮೂವತ್ತು ವರ್ಷ ಕಟ್ಟಿಗಿ ಸೀಳೀನಿ. ನನಗ ಗೊತ್ತಿಲ್ದೆ ನಿಮಗ ಗೊತ್ತದೇನ್ರಿ?"

ಸಾವಕಾರ ಸಿಟ್ಟಾಗಲಿಲ್ಲ. ನಕ್ಕ. ಆಮೇಲೆ ಯಾವ ಓಣಿ ಎಂದು ವಿಚಾರಿಸಿ, ಬಹಳ ಕನಿಕರದಿಂದ ಹೇಳಿದ. "ಹೋಗ್ಲಿ, ಮಾವಿಂದೇ ತಗೋ. ನಿಮ್ಮ ಓಣ್ಯಾಗ ಭಾರದ್ದು ಯಾಕ ಬೇಕು? ಹಗುರದ್ದೇ ಚಲೋ. ದೊಡ್ಡ ಮಂದಿ ಬಂದ್ರ ಲಗೂನ ಎತ್ತಿಡ್ಲಾಕ ಬರ್ತದ."

ಬೈದಿದ್ದರೆ ಎರಡು ಬೈದು ಹಗುರಾಗುತ್ತಿದ್ದಳು. ಇವನು ಅವಳ ಒಳ್ಳೆಯದಕ್ಕೇ ಹೇಳಿದ್ದ! ಅಂಗಾಲಿನ ಸಿಟ್ಟು ನೆತ್ತಿಗೇರಿತು.

"ಇದನ್ನ ಒಲಿಗಿ ಹಾಕ್ರಿ, ಸಾವಕಾರ್ರ. ಒಲಿಗೂ ಹೊಗಿ ಜಾಸ್ತಿನೇ," ಎಂದು ಸೆರಗು ಝಾಡಿಸಿ ಹೊರಬಿದ್ದಳು. ನೇರ ಬೀದರಿನ ಬಸ್ಸು ಹತ್ತಿದಳು.

ಬೀದರಿನಲ್ಲಿ ಆ ವರ್ಷಗಳಲ್ಲಿ ಜಹಗೀರದಾರರ ದೊಡ್ಡ ಮನೆಗಳು, ಅಂದರೆ ದೇವಡಿಗಳು, ಒಂದೊಂದಾಗಿ ಬರಿದಾಗುತ್ತಿದ್ದವು. ಒಡೆಯರು ಊರು ಬಿಡುತ್ತಿದ್ದರು. ಅವರ ಕಂಬ, ತೊಲೆ, ಬಾಗಿಲು ಮಾರಾಟಕ್ಕೆ ಬರುತ್ತಿದ್ದವು. ಅಂಥ ಮಾಲು ಕೊಂಡು ರಿಪೇರಿ ಮಾಡಿ ಮಾರುವವನು ಅಬ್ದುಲ ವಾಹೀದ ಎಂಬ ಮುದಿ ಬಡಿಗ. ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡಿದ್ದ.

"ಇದನ್ನ ಎತ್ಲಾಕ ಎಷ್ಟು ಮಂದಿ ಬೇಕು, ಉಸ್ತಾದ?" ಕೇಶರಬಾಯಿ ಒಂದು ಮಂಚ ತೋರಿಸಿ ಕೇಳಿದಳು.

"ಇಬ್ರು."

"ಅದಕ್ಕ?"

"ನಾಕು ಮಂದಿ. ಅರೇ ಬಾಯಿ, ಬಂದೋರೆಲ್ಲ ಎಷ್ಟು ಮಂದಿ ಮಲಗ್ಬಹುದು ಅಂತ ಕೇಳ್ತಾರ. ನೀ ಎತ್ತೋರ ಲೆಕ್ಕ ಕೇಳ್ತೀ!"

"ಅದಕ್ಕಿಂತ ಭಾರದ್ದು ಇಲ್ಲೇನು?"

ಮುದುಕ ಗೊಣಗುತ್ತ ಹಿಂದಿನ ಪಡಸಾಲೆಗೆ ಕರೆದೊಯ್ದ. ಅಲ್ಲಿತ್ತು ತಖತ್ತು. ಹಗ್ಗವಿಲ್ಲ, ನವಾರದ ಪಟ್ಟಿಯಿಲ್ಲ, ದಪ್ಪ ಹಲಗೆಯ ಹಾಸು, ತೊಡೆಗಾತ್ರದ ನಾಲ್ಕು ಕಾಲು. ಕೇಶರಬಾಯಿ ಅದರ ಕೆಳಗೇ ನುಸುಳಿದಳು. ಒಂದು ಮೊಳೆಯೂ ಕಾಣಲಿಲ್ಲ. ಕಾಲಿಗೆ ರಂಧ್ರ ಕೊರೆದು, ಚೌಕಟ್ಟಿನ ತುದಿಯನ್ನು ಅದರೊಳಗೆ ಬಿಗಿದು ಕೂಡಿಸಿದ್ದರು. ಉಗುರಿಗೆ ಜಗ್ಗಲಿಲ್ಲ, ಚಾಕು ತೆಗೆದು ಕೆರೆದಳು. ಅಷ್ಟು ಹಳೆಯ ಮರದಿಂದಲೂ ಸಾಗವಾನಿಯ ಎಣ್ಣೆವಾಸನೆ ಬಂತು. ಎದ್ದು ಬಂದು ಒಂದು ಕಾಲಿಗೆ ಜಾಡಿಸಿ ಒದ್ದಳು. ಅವಳ ಹೆಬ್ಬೆರಳೇ ನೊಂದಿತು.

"ಬಿಸಿಲು ಮಳಿ ತಡೀತದೇನು?"

"ನನಗೂ ತಡೀತದ, ನಿನಗೂ ತಡೀತದ, ನಿನ್ನ ಮೊಮ್ಮಕ್ಕಳಿಗೂ ತಡೀತದ. ಆರು ಮಂದಿ ಬೇಕು ಇದಕ್ಕ, ಗಟ್ಟಿ ಮಂದಿ."

ಕೇಶರಬಾಯಿ ಸೊಂಟದಿಂದ ಎರಡು ಗಂಟು ಹಾಕಿದ ಒಂದು ದಾರ ತೆಗೆದು ತಖತ್ತಿನ ಅಗಲಕ್ಕೆ ಹಿಡಿದಳು. "ನಮ್ಮ ಮನಿ ಬಾಗಲದ ಅಳತಿ," ಎಂದಳು. ತಖತ್ತು ದಾರಕ್ಕಿಂತ ಎರಡು ಗೇಣು ಹೆಚ್ಚಿತ್ತು.

ಅಬ್ದುಲ ವಾಹೀದ ತಲೆ ಆಡಿಸಿದ. "ಹೋಗಲ್ಲ ಬಾಯಿ. ಅಡ್ಡ ಮಾಡಿದ್ರೂ ಕಾಲು ಸಿಕ್ಕೊಂತಾವ. ಚಿಂತಿ ಬ್ಯಾಡ, ಕಾಲು ಕೊಯ್ದು ಬಿಚ್ಚಿ ಹಾಕೋಹಂಗ ಮಾಡಿ ಕೊಡ್ತೀನಿ."

"ಕೊಯ್ದು ನೋಡು, ನಿನ್ನ ಗರಗಸ ಮುರೀತೀನಿ!" ಅವಳು ಕಿರುಚಿದ್ದಕ್ಕೆ ಹೊರಗಿದ್ದವರು ಇಣುಕಿದರು. "ಒಳಗ ಹೋಗಬಾರದು! ಒಳಗ ಹೋಗಬಾರದು ಅಂತೇ ಅಳದು ತಂದೀನಿ. ಎತ್ಲಾಕ ಬರಬಾರ್ದು, ಒಳಗ ಒಯ್ಲಾಕ ಬರಬಾರ್ದು!"

ಆಮೇಲೆ ಎಲ್ಲವನ್ನೂ ಹೇಳಿದಳು. ಹೊರಸು, ಕೆಮ್ಮು, ಮಗಳ ಕಾಲ ಮೇಲಿನ ರಕ್ತ. ಹೇಳುತ್ತ ಹೇಳುತ್ತ ಅಳು ಬಂತು, ಅತ್ತಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮುದುಕ ತಖತ್ತಿನ ಹಲಗೆಯ ಮೇಲೆ ಅಂಗೈ ಆಡಿಸಿದ. "ಇದನ್ನ ಮಾಡಿದ್ದು ನಮ್ಮ ಅಬ್ಬಾ," ಎಂದು ತಂದೆಯನ್ನು ನೆನೆದ. "ಹಲಗಿ ನುಣುಪು ಮಾಡಿದ್ದು ನಾ. ದೇವಡ್ಯಾಗ ಇಟ್ಟ ಮ್ಯಾಲ ನಾವಿಬ್ರೂ ಒಂದ್ ದಿನ ಇದರ ಮ್ಯಾಲ ಕೂತಿಲ್ಲ." ಅಂಗಿಯ ತೋಳಿನಿಂದ ಧೂಳು ಒರೆಸಿದ. "ಕೂಡ್ರು ಬಾಯಿ. ಕೂತು ನೋಡಿ ತಗೋ."

"ಇಲ್ಲಿ ಬ್ಯಾಡ ಉಸ್ತಾದ. ನಮ್ಮ ಮನಿ ಮುಂದ ಕೂಡ್ತೀನಿ."

ಜನವಾಡದ ಮಾಣಿಕನ ಬಂಡಿಯಲ್ಲಿ ತಖತ್ತು ಊರಿಗೆ ಬಂತು. ಬೇಸಿಗೆಯ ಮಾಂಜ್ರಾ ಹೊಳೆಯಲ್ಲಿ ನೀರು ಮೊಣಕಾಲಷ್ಟೇ ಇದ್ದರೂ ಎತ್ತುಗಳು ಉಸ್ಸೆಂದವು. ಓಣಿಯ ಎಂಟು ಗಂಡಸರು ಬಿದಿರಿನ ಗಳ ಕೊಟ್ಟು ಎತ್ತಿ ಇಳಿಸಿದರು. ಮಚ್ಛೇಂದ್ರ ಅದನ್ನು ಬಾಗಿಲಿನತ್ತ ತಿರುಗಿಸಲು ಹೋಗಿ ನಿಂತ.

"ಒಳಗ ಹೋಗಲ್ಲಲ್ಲ! ಬಾಗಲಾ ನೋಡಿ ತರಬಾರ್ದೇನು?"

"ನೋಡೇ ತಂದೀನಿ," ಎಂದಳು ಕೇಶರಬಾಯಿ.

ಅವನಿಗೆ ಅರ್ಥವಾಯಿತು. ಎರಡು ದಿನ ಅವನು ಆ ತಖತ್ತಿನ ಪಕ್ಕ ನೆಲದ ಮೇಲೇ ಕೂತು ರೊಟ್ಟಿ ತಿಂದ. ಅವಳೊಬ್ಬಳೇ ಮೇಲೆ ಕೂತು ಕಾಳು ಹಸನು ಮಾಡಿದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಪಾಟೀಲ ಈ ದಾರಿಯಲ್ಲಿ ಬರಲೇಬೇಕು.

ಮೂರನೆಯ ದಿನ ಬಂದ. ಔರಾದಿನ ಕಚೇರಿಗೆ ಹೋಗಿದ್ದವನು, ಹಿಂದೆ ಇಬ್ಬರು ಆಳುಗಳು. ಕೆಮ್ಮು ಕೇಳಿಸಿದ ಕೂಡಲೇ ಓಣಿಯ ಹೊರಸುಗಳೆಲ್ಲ ಗೋಡೆಗೆ ಹೋದವು. ಮಚ್ಛೇಂದ್ರ ಓಡಿ ಬಂದು ತಖತ್ತಿನ ಅಂಚಿಗೆ ಎರಡೂ ಕೈ ಹಾಕಿ ಎತ್ತಿದ. ಅದು ಅಲುಗಲಿಲ್ಲ. ಮತ್ತೊಂದು ಕಡೆಗೆ ಹೋಗಿ ಜಗ್ಗಿದ. ಕತ್ತಿನ ನರ ಉಬ್ಬಿದವು, ಕಣ್ಣು ಕೆಂಪಾದವು. ಕೇಶರಬಾಯಿ ಮೊರ ಹಿಡಿದು ಅದರ ಮೇಲೇ ಕೂತಿದ್ದಳು. ಗಂಡನ ಒದ್ದಾಟ ಕಂಡರೂ ಏಳಲಿಲ್ಲ.

ಪಾಟೀಲ ನಿಂತ. "ಏನೋ ಮಚ್ಛ್ಯಾ ಇದು?"

"ತಖತ್ತು ರಿ."

"ಎತ್ತಿಡು."

"ಎತ್ಲಾಕ ಬರಲ್ರಿ. ಭಾಳ ವಜ್ಜಿ ಅದರಿ."

"ಒಳಗ ತಳ್ಳು."

"ಬಾಗಲಾಗ ಹಿಡಿಯಲ್ರಿ."

ಪಾಟೀಲ ಆಳುಗಳ ಕಡೆ ತಿರುಗಿದ. "ಏ, ಹಿಡೀರೋ. ಆ ಕಡಿ ಒಗೀರಿ."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಶರಬಾಯಿ ಮೊರ ಕೆಳಗಿಟ್ಟು ಹಲಗೆಯ ಮೇಲೆ ಅಂಗೈ ತಟ್ಟಿದಳು.

"ಬರ್ರಿ, ಹಿಡೀರಿ! ನಾ ದಿನಾ ಮಲಗೋದು ಇದರ ಮ್ಯಾಲೇ. ಉಂಬೋದೂ ಇದರ ಮ್ಯಾಲೇ. ಆರು ಮಂದಿ ಬೇಕಾಗ್ತದ. ಈ ಕಡಿ ನಮ್ಮ ಓಣ್ಯಾಗಿನ ಮೂರು ಮಂದಿ ಹಿಡೀತೀವಿ, ಆ ಕಡಿ ನಿಮ್ಮ ಜೋಡಿ ಪಾಟೀಲ್ರೂ ಹಿಡೀಲಿ. ನಮ್ಮ ಜೋಡಿ ಒಂದೇ ಕಟ್ಟಿಗಿ ಹಿಡೀತೀರೇನ್ರಿ, ಪಾಟೀಲ್ರ?"

ಆಳುಗಳು ಒಂದು ಹೆಜ್ಜೆ ಹಿಂದೆ ಸರಿದರು. ಪಾಟೀಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾಳಿ ನೋಡ್ಕೊಂತೀನಿ ನಿನ್ನ," ಎಂದ.

"ನಾಳಿನೂ ಇಲ್ಲೇ ಇರ್ತದ್ರಿ. ಎಲ್ಲಿಗಿ ಹೋಗ್ತದ?"

ಅವನು ಹೋದ. ಮರುದಿನದಿಂದ ಪಾಟೀಲನ ಮನೆಯ ಕಟ್ಟಿಗೆ ಕೆಲಸ ಅವಳಿಗೆ ತಪ್ಪಿತು, ಆ ಮಾತು ಬೇರೆ. ಆ ತಖತ್ತಿನ ಮೇಲೆ ಮುಂದೆ ಕೌಸಲ್ಯಾಳ ಮೂರು ಬಾಣಂತನವಾದವು, ಅದರ ಒಂದು ಕೂಡಿಕೆಯೂ ಇವತ್ತಿಗೂ ಸಡಿಲಾಗಿಲ್ಲ, ಆ ಮಾತೂ ಬೇರೆ. ಆ ಹೊತ್ತಿನಲ್ಲಿ ತಖತ್ತಿನ ಹತ್ತಿರ ಉಳಿದವರು ಗಂಡ ಹೆಂಡತಿ ಇಬ್ಬರೇ, ಅವನ ಕೈ ಇನ್ನೂ ಅಂಚನ್ನು ಹಿಡಿದೇ ಇತ್ತು.

"ಬಿಡ್ರಿ ಕೈ," ಎಂದಳು.

ಅವನು ಬಿಟ್ಟ. "ತಾನೇ ಹೋಯ್ತು," ಎಂದ, ಸಣ್ಣ ದನಿಯಲ್ಲಿ.

"ಗೊತ್ತದ ನನಗ. ಕೂಡ್ರಿ."

ಮಚ್ಛೇಂದ್ರ ಓಣಿಯ ತಿರುವಿನತ್ತ ಒಮ್ಮೆ ನೋಡಿದ. ಆಮೇಲೆ, ಯಾರಾದರೂ ಬಂದರೆ ತಟ್ಟನೆ ಏಳುವಂತೆ, ಒಂದು ಕಾಲನ್ನು ನೆಲಕ್ಕೆ ಊರಿ ಅಂಚಿನ ಮೇಲೆ ಕುಂಡಿ ತಾಗಿಸಿದ.

ಕೇಶರಬಾಯಿಯ ಸಿಟ್ಟು ಮತ್ತೆ ಭುಗಿಲೆಂದಿತು. "ಥೂ! ಅಂಚಿಗ್ಯಾಕ ಕುಂತೀರಿ? ಇಷ್ಟು ಅಗಲದ್ದು ಯಾಕ ತಂದೀನಿ ನಾ? ನಡುವ ಸರ್ಕೋರಿ!"

ಮಚ್ಛೇಂದ್ರ ಎರಡೂ ಕಾಲು ಮೇಲೆ ತೆಗೆದುಕೊಂಡು ನಡುವಿಗೆ ಸರಿದು ಕೂತ.