ಲಿಫ್ಟಣ್ಣ ನಡೆಯಲು ಹೊರಟಿದ್ದು

ಆ ಎತ್ತರದ ಕಚೇರಿ ಕಟ್ಟಡದಲ್ಲಿ ಎಲ್ಲರಿಗೂ ಅವನು ಲಿಫ್ಟಣ್ಣ. ದಿನವಿಡೀ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು, ಹತ್ತಿದವರನ್ನೆಲ್ಲ ನಗಿಸುವುದು, ಯಾರಾದರೂ ಕೊಟ್ಟ ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುವುದು, ಇಷ್ಟರಲ್ಲೇ ನಡುವಯಸ್ಸು ದಾಟಿತ್ತು. ಹೆಂಡ ಮೂಸಿಯೂ ನೋಡಿದವನಲ್ಲ. ಹಾಗಾಗಿ ಸ್ಕ್ಯಾನಿಂಗ್ ನೋಡಿ ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದು ಡಾಕ್ಟರಮ್ಮ ಹೇಳಿದಾಗ, ರಿಪೋರ್ಟೇ ಅದಲುಬದಲಾಗಿರಬೇಕೆಂದು ವಾದಕ್ಕೆ ನಿಂತ. ಕುಡಿಯದವರಿಗೂ ಇದು ಬರುತ್ತದೆ, ಸಿಹಿ ತಗ್ಗಿಸಿ ದಿನಾ ಬೆವರು ಬರುವಂತೆ ನಡೆಯಬೇಕು ಎಂದು ಆಕೆ ತಿಳಿಹೇಳಿದರು.

ಶುರುಮಾಡಿದ, ಬಿಟ್ಟ. ಮತ್ತೆ ಶುರುಮಾಡಿ ಮತ್ತೆ ಬಿಟ್ಟ. ಮಂಡಿನೋವು, ಮೋಡ, ನಿದ್ದೆ, ನೆಪಕ್ಕೇನು ಬರವೇ? ಹೇಳಿ ಹೇಳಿ ಸಾಕಾದ ಹೆಂಡತಿ ಅವನ ಅಕ್ಕನಿಗೆ ಫೋನು ಮಾಡಿದಳು. ಬೀದಿ ಬೀದಿ ಅಲೆದು ಅಂಚೆ ಹಂಚಿ ನಿವೃತ್ತಳಾದವಳು ಅಕ್ಕ. ಮರುದಿನ ಬೆಳಗ್ಗೆಯೇ ಬಾಗಿಲು ತಟ್ಟಿದಳು.

"ನನ್ನನ್ನ ಓಡ್ಸೋಕೆ ಬಂದ್ಯಾ?" ಎಂದು ಅವನು ಮುಖ ಗಂಟು ಹಾಕಿಕೊಂಡ.

"ಓಡ್ಸೋಕಲ್ಲ ಕಣೋ. ಒಬ್ಬಳೇ ನಡಿಯೋಕೆ ನಂಗೂ ಬೇಜಾರು. ಆ ಮೂಲೆ ಔಷಧಿ ಅಂಗಡಿ ತನಕ ಬಾ, ಸಾಕು."

ಅಂಗಡಿಯ ತನಕ ಹೋದವರು ಕೆಲವೇ ವಾರಗಳಲ್ಲಿ ಸೇತುವೆ ದಾಟತೊಡಗಿದರು. ಊಟದ ಬಿಡುವಿನಲ್ಲಿ ಅವನು ಮೆಟ್ಟಿಲನ್ನೂ ಹತ್ತತೊಡಗಿದ. ಲಿಫ್ಟಣ್ಣನಿಗೇ ಲಿಫ್ಟಿನ ಮೇಲೆ ನಂಬಿಕೆ ಇಲ್ಲವೆಂದು ಗುಮಾಸ್ತರು ನಕ್ಕರು; ಅವನೂ ಏದುಸಿರು ಬಿಡುತ್ತಲೇ ನಕ್ಕ.

ಆದರೆ ತೂಕದ ಮುಳ್ಳು ಮಿಸುಕಾಡಲಿಲ್ಲ. ಅವನು ಕೈಚೆಲ್ಲಿದ. ಅಕ್ಕ ಗದರಲಿಲ್ಲ, ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ತೂಕ ಇಳಿಸೋದೂ ಬೇಕು, ಆದ್ರೆ ಅದು ಇಳಿಯೋಕೆ ಮುಂಚೇನೇ ವ್ಯಾಯಾಮದಿಂದ ಲಿವರ್ ಕೊಬ್ಬು ಕಮ್ಮಿ ಆಗ್ಬಹುದು. ನೀವು ಸರಿಯಾಗೇ ಮಾಡ್ತಿದೀರ, ಬಿಡ್ಬೇಡಿ" ಎಂದರು ಆಕೆ. ಸರಿಯಾಗೇ ಮಾಡ್ತಿದೀರ ಎಂಬ ಮಾತು ಅವನ ಮನಸ್ಸಿಗೆ ನಾಟಿತು.

ಅಷ್ಟರಲ್ಲಿ ಅಕ್ಕನ ಕಾಲು ಉಳುಕಿತು. ಬಾಗಿಲು ತಟ್ಟುವವರಿಲ್ಲದ ಮೊದಲ ಬೆಳಗ್ಗೆ ಅವನು ಮಗ್ಗುಲು ಬದಲಿಸುತ್ತ ಬಿದ್ದಿದ್ದ. ಆಮೇಲೆ ತಾನಾಗಿಯೇ ಎದ್ದು ಬೂಟು ಹಾಕಿಕೊಂಡ. ಸೇತುವೆಯ ತನಕ ಹೋಗಿಬಂದು ನೇರ ಅಕ್ಕನ ಮನೆಗೆ ನಡೆದ. ಅಂದಿನಿಂದ ದಿನಾ ಅದೇ ರೂಢಿ. ಆಸ್ಪತ್ರೆಯವರು ಹೇಳಿಕೊಟ್ಟಂತೆ ಅವಳು ಪಾದ ತಿರುಗಿಸುವ ವ್ಯಾಯಾಮ ಮುಗಿಸುವವರೆಗೂ ಅವನು ಪಕ್ಕದಿಂದ ಕದಲುತ್ತಿರಲಿಲ್ಲ. ಇವನಿಗೆ ನಡೆಯಲು ಕಲಿಸಿ ತಪ್ಪು ಮಾಡಿದೆ ಎಂದು ಅವಳು ಗೊಣಗಿದರೂ ಕಣ್ಣಲ್ಲಿ ಹಿಗ್ಗಿತ್ತು.

ಮುಂದಿನ ಸ್ಕ್ಯಾನಿಂಗಿನಲ್ಲಿ ಕೊಬ್ಬು ಸಾಕಷ್ಟು ಕರಗಿತ್ತು, ತೂಕವೂ ಇಳಿದಿತ್ತು. ಪೂರ್ತಿ ಹೋಗಿಲ್ಲ, ಬಿಟ್ಟರೆ ಮತ್ತೆ ಬರುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಬಿಡುವ ಮಾತೇ ಇಲ್ಲ ಎಂದ ಅವನು. ಅಕ್ಕನ ಕಾಲು ನೆಟ್ಟಗಾಗಿದ್ದರಿಂದ ಅಂದು ಸಂಜೆ ಇಬ್ಬರೂ ರೈಲು ಹಳಿಯ ಪಕ್ಕದ ಹೊಸ ದಾರಿ ಹಿಡಿದರು.