ರೇಸಿಗೆ ಒಂದು ತಾಸು ಮೊದಲು ಬಾಗಿದ ಕ್ರ್ಯಾಂಕ್

ಜೇವರ್ಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೈಕಲ್ ರಿಪೇರಿ ಅಂಗಡಿ ನಡೆಸುವ ಜೀನತಳಿಗೆ ಈಗ ನಲವತ್ತಾರು. ತಂದೆ ಇಮಾಮಸಾಬರ ಕಣ್ಣು ಮಂಜಾದ ಮೇಲೆ ಅವಳೇ ಬೋಲ್ಟು ಬಿಚ್ಚುವ ಪಾನಾ ಹಿಡಿದಳು. ಮೊದಮೊದಲು ಗಿರಾಕಿಗಳು ಸೈಕಲ್ ನಿಲ್ಲಿಸಿ, ಗಂಡಸರು ಯಾರಿದ್ದಾರೆ ಎಂದು ಒಳಗೆ ಇಣುಕುತ್ತಿದ್ದರು. ಅವಳು ಮಾತಿಗೆ ಮಾತು ಬೆಳೆಸದೆ ಚಕ್ರ ಬಿಚ್ಚಿ ಕೆಲಸ ಶುರುಮಾಡುತ್ತಿದ್ದಳು. ಎರಡು ವರ್ಷದಲ್ಲಿ ಇಣುಕುವುದು ನಿಂತಿತು.

ಕಳೆದ ಡಿಸೆಂಬರಿನ ಒಂದು ಭಾನುವಾರ ಊರಿನಲ್ಲಿ ಹೆಣ್ಣುಮಕ್ಕಳ ಸೈಕಲ್ ರೇಸ್ ಇತ್ತು. ನೆಲೋಗಿ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ತಿರುಗಿ ಬರಬೇಕು. ಮೊದಲ ಮೂವರಿಗೆ ಜಿಲ್ಲಾ ತಂಡದಲ್ಲಿ ಜಾಗ. ಒಂಬತ್ತಕ್ಕೆ ಶುರು. ಎಂಟಕ್ಕೆ ಯಡ್ರಾಮಿಯ ವಿಜಯಶ್ರೀ ಎಂಬ ಪಿಯುಸಿ ಹುಡುಗಿ ಸೈಕಲ್ ತಳ್ಳಿಕೊಂಡು ಅಂಗಡಿ ಮುಂದೆ ನಿಂತಳು. ಮೊಣಕೈ ತರಚಿತ್ತು. ಜೊತೆಗೆ ಅವಳ ಕಾಕಾ ಅಮರನಾಥ. ಅಭ್ಯಾಸಕ್ಕೆಂದು ಒಂದು ಸುತ್ತು ಹೊಡೆಯುವಾಗ ಆಡು ಅಡ್ಡ ಬಂದು, ಹುಡುಗಿ ಎಡಮಗ್ಗುಲಿಗೆ ಬಿದ್ದಿದ್ದಳು. ಪೆಡಲ್ ಕಲ್ಲಿಗೆ ಬಡಿದಿತ್ತು.

ಅಮರನಾಥ ಆಗಲೇ ಪೆಡಲ್ ಬಿಚ್ಚಲು ಹೆಣಗಿದ್ದ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆಂಬುದು ಗೊತ್ತಿಲ್ಲದೆ, ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿದ್ದ. ಜೀನತ ಸೈಕಲ್ ಎತ್ತಿ ಪೆಡಲ್ ತಿರುಗಿಸಿದಳು. ಅದು ಕುಂಟುತ್ತ ಸುತ್ತಿತು. ಪೆಡಲನ್ನು ನಡುವಿನ ಅಚ್ಚಿಗೆ ಸೇರಿಸುವ ಕ್ರ್ಯಾಂಕಿಗೆ ಉಕ್ಕಿನ ಪಟ್ಟಿ ಹಿಡಿದು ನೋಡಿದರೆ ನಡುವೆ ಬೆಳಕು ಕಂಡಿತು. ಪೆಡಲಿನ ಜೊತೆಗೆ ಕ್ರ್ಯಾಂಕೂ ಬಾಗಿತ್ತು.

ಸುತ್ತಿಗೆಯಿಂದ ಬಡಿದು ನೇರ ಮಾಡಿಕೊಡು, ಹೊತ್ತಿಲ್ಲ ಎಂದು ಅಮರನಾಥ ಅವಸರಿಸಿದ.

"ಇದು ಕಬ್ಬಿಣ ಅಲ್ರಿ ಅಣ್ಣಾರ, ಅಲ್ಯೂಮಿನಿಯಂ," ಎಂದಳು ಜೀನತ. "ಬಡದ್ರ ಈಗ ನೆಟ್ಟಗ ಕಾಣ್ತದ. ನಡು ಹಾದ್ಯಾಗ ಮುರದ್ರ ಹುಡುಗಿ ಹಲ್ಲು ಉಳ್ಯಂಗಿಲ್ಲ. ನಾ ಬಡ್ಯಂಗಿಲ್ರಿ."

ವಿಜಯಶ್ರೀಯ ಕಣ್ಣು ತುಂಬಿತು. ಜೀನತಳ ಕಣ್ಣು ಆಗಲೇ ಅಂಗಡಿಯ ಮೂಲೆಗೆ ಹೋಗಿತ್ತು. ಅಂಗನವಾಡಿಯ ಸುಭದ್ರಾಬಾಯಿ ಮಗಳ ಗೇರ್ ಸೈಕಲನ್ನು ಪಂಕ್ಚರ್ ಹಾಕಿಸಲು ಬಿಟ್ಟು ಹೋಗಿದ್ದಳು. ಅದರ ಅಚ್ಚಿನ ತುದಿಯೂ ಚೌಕ, ಇದರದ್ದೂ ಚೌಕ; ಅದರ ಕ್ರ್ಯಾಂಕ್ ಇದಕ್ಕೆ ಕೂರುತ್ತಿತ್ತು. ಆದರೆ ಇನ್ನೊಬ್ಬರ ಸೈಕಲ್. ಫೋನ್ ಮಾಡಿದಳು. ಸುಭದ್ರಾಬಾಯಿ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, ಏನು ಬೇಕೋ ಬಿಚ್ಚಿಕೋ, ನಾನೂ ರೇಸ್ ನೋಡಲು ಬರುತ್ತೇನೆ ಎಂದಳು.

ಎರಡೂ ಸೈಕಲ್ಲಿನ ಎಡ ಕ್ರ್ಯಾಂಕ್ ಕಳಚಬೇಕಿತ್ತು. ಮೂಲೆಯ ಸೈಕಲ್ಲಿನದು, ಕ್ರ್ಯಾಂಕ್ ಎಳೆದು ತೆಗೆಯುವ ಪುಲ್ಲರ್ ಹಾಕಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಬಂತು. ಬಾಗಿದ್ದು ಜಪ್ಪಯ್ಯ ಎನ್ನಲಿಲ್ಲ. ಜೀನತ ಎಣ್ಣೆ ಬಿಟ್ಟು, ಪಾನಾದ ಹಿಡಿಗೆ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿದಳು. ಟಕ್ಕೆಂದು ಸಡಿಲಿತು. ಸುಭದ್ರಾಬಾಯಿ ಮಗಳ ಸೈಕಲ್ಲಿನ ಕ್ರ್ಯಾಂಕನ್ನು ಪೆಡಲ್ ಸಮೇತ ಕೂರಿಸಿ ಬೋಲ್ಟು ಬಿಗಿದಾಗ ಎಂಟೂ ನಲವತ್ತು.

"ಇದು ಕೂದಲೆಳಿಯಷ್ಟು ಗಿಡ್ಡ ಅದ," ಎಂದಳು. "ಎಡಗಾಲಿಗೆ ಬ್ಯಾರೆ ಅನಸ್ತದ. ಹೆದರಬ್ಯಾಡ ಬೇ, ಮೊದಲ ಎರಡು ಕಿಲೋಮೀಟರ್ ಸುಮ್ಮ ಹೊಡಿ, ಕಾಲ ಕಲೀತದ."

ಹುಡುಗಿ ಹಾರಿ ಕುಳಿತು ಹೋದಳು. ಜೀನತ ಶಟರ್ ಎಳೆದು, ಅಷ್ಟರಲ್ಲಿ ಬಂದ ಸುಭದ್ರಾಬಾಯಿಯ ಸ್ಕೂಟಿ ಹತ್ತಿ ಹಿಂದೆಯೇ ಹೊರಟಳು. ಇಷ್ಟು ವರ್ಷ ಸೈಕಲ್ ರಿಪೇರಿ ಮಾಡಿದರೂ ಅವಳು ರೇಸ್ ನೋಡಿದ್ದು ಅದೇ ಮೊದಲು. ಗುರಿಯ ಬಳಿ ಹಗ್ಗ ಹಿಡಿದು ನಿಂತು ರಸ್ತೆಯನ್ನೇ ನೋಡುತ್ತಿದ್ದಳು. ದೂರದ ತಿರುವಿನಲ್ಲಿ ಮೊದಲು ಒಬ್ಬಳು ಕಂಡಳು, ತುಸು ಹಿಂದೆ ಮತ್ತೊಬ್ಬಳು. ಆಮೇಲೆ ಇಬ್ಬರು ಒಟ್ಟಿಗೆ, ಅವರಲ್ಲಿ ವಿಜಯಶ್ರೀ ಅರ್ಧ ಸೈಕಲ್ ಹಿಂದೆ. ಜನ ಕೂಗಿದರು. ಸುಭದ್ರಾಬಾಯಿ ಜೀನತಳ ರಟ್ಟೆ ಹಿಂಡಿದಳು.

ಮೂರನೆಯವಳು ವಿಜಯಶ್ರೀ.

ಅವಳು ಇಳಿದು ಬಂದು ಬೆವರಿನ ಮೈಯಲ್ಲೇ ಜೀನತಳನ್ನು ಅಪ್ಪಿಕೊಂಡಳು. ಜೀನತಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಆಕಿನ್ನ ಹೆಂಗ ಹಿಂದ ಹಾಕ್ದಿ, ಹೇಳು ಬೇ," ಎಂದಳು. "ಅಷ್ಟೊತ್ತಿಗೆ ನಾ ಕಣ್ಣ ಮುಚ್ಚಿಕೊಂಡಿದ್ದೆ."

ಹುಡುಗಿ ಅಲ್ಲೇ ರಸ್ತೆಬದಿಯಲ್ಲಿ ನಿಂತು, ಕೈಯಾಡಿಸುತ್ತ, ಕೊನೆಯ ನೂರು ಮೀಟರನ್ನು ಪೂರ್ತಿ ಹೇಳತೊಡಗಿದಳು.