ಐಎಸ್‌ಡಿಎನ್ ಲೈನಿನಲ್ಲಿ ಅಕ್ಕ ತಂಗಿ

ಹೊಸಪೇಟೆಯ ಅದಿರು ಕಂಪನಿಯೊಂದರ ಕಚೇರಿಯಲ್ಲಿ ಫೋನು, ಫ್ಯಾಕ್ಸು, ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಸಂಡೂರಿನ ಗುಡ್ಡದಿಂದ ಅದಿರು ಚೆನ್ನೈ ಬಂದರಿಗೆ ಹೋಗುತ್ತಿತ್ತು. ಅಲ್ಲಿಯೂ ನಮ್ಮದೊಂದು ಕಚೇರಿ. ಎರಡೂ ಕಡೆಯವರು ಮುಖ ನೋಡಿ ಮಾತಾಡಲೆಂದು ಐಎಸ್‌ಡಿಎನ್ ಲೈನ್ ಹಾಕಿಸಿದ್ದರು. ಅದೇ ಹಳೆಯ ತಾಮ್ರದ ತಂತಿ, ಆದರೆ ಅದರೊಳಗೆ ಒಟ್ಟಿಗೆ ಎರಡು ದಾರಿ. ಆಗ ನಮಗೆ ಅದೇ ದೊಡ್ಡ ವೇಗ.

ಚೆನ್ನೈಯವರು ಮೊದಲೇ ಒಂದು ವಿಡಿಯೋ ಫೋನ್ ಕೊಂಡಿದ್ದರು. ನಮಗೆ ಬಂದದ್ದು ಎರಡು. ಒಂದನ್ನು ಜರ್ಮನಿಯ ಗಿರಾಕಿ ಕಳಿಸಿದ್ದ. ಇನ್ನೊಂದನ್ನು ಮ್ಯಾನೇಜರ್ ಅಮೆರಿಕಾಕ್ಕೆ ಹೋದಾಗ ತಂದಿದ್ದರು.

"ಎರಡೂ ನೋಡಿ, ಯಾವ್ದು ಚಲೋ ಅಂತ ಹೇಳವ್ವಾ," ಅಂದರು ಮ್ಯಾನೇಜರ್.

ಅಮೆರಿಕಾದ ಪೆಟ್ಟಿಗೆ ನೋಡಲು ಚಂದ, ಪರದೆಯೂ ದೊಡ್ಡದು. ಆದರೆ ಆ ದೇಶದಲ್ಲಿ ಫೋನ್ ಕಂಪನಿಯವರ ಕೆಲಸ ಗೋಡೆಯ ತನಕ ಮಾತ್ರ. ಬೀದಿಯ ತಂತಿಯನ್ನು ನೇರ ಸಾಧನಕ್ಕೇ ಚುಚ್ಚಬೇಕು, ಆಚೆಯದೆಲ್ಲ ಗಿರಾಕಿಯ ಪಾಡು. ಯುರೋಪಿನಲ್ಲಿ ಫೋನಿನವರೇ ಮನೆಯೊಳಗೆ ಬಂದು ಗೋಡೆಗೆ ಒಂದು ಸಣ್ಣ ಪೆಟ್ಟಿಗೆ ಕೂರಿಸಿ ಹೋಗುತ್ತಾರೆ. ಅದಕ್ಕೆ ಫೋನು, ಫ್ಯಾಕ್ಸು, ಕಂಪ್ಯೂಟರ್ ಏನು ಬೇಕಾದರೂ ಸಿಕ್ಕಿಸಬಹುದು. ನಮ್ಮ ದೂರವಾಣಿ ಇಲಾಖೆ ಹಿಡಿದದ್ದು ಯುರೋಪಿನ ದಾರಿ, ನಮ್ಮ ಗೋಡೆಯ ಮೇಲೂ ಆ ಪೆಟ್ಟಿಗೆ ಇತ್ತು. ಅಮೆರಿಕಾದ್ದನ್ನು ಅದಕ್ಕೆ ಜೋಡಿಸುವ ಹಾಗೇ ಇರಲಿಲ್ಲ. ಮೇಲಾಗಿ ಅದು ಶುರುವಾಗುವ ಮೊದಲು ಅಲ್ಲಿನ ಎಕ್ಸ್‌ಚೇಂಜ್ ಕೊಡುವ ಒಂದು ಉದ್ದನೆಯ ನಂಬರ್ ಕೇಳುತ್ತಿತ್ತು. ಅಂಥ ನಂಬರ್ ನಮ್ಮಲ್ಲಿ ಯಾರೂ ಕೊಡುವುದಿಲ್ಲ. ಅದು ಬೀರು ಸೇರಿತು.

ನನಗೆ ನೆನಪಿನಲ್ಲಿ ಉಳಿದದ್ದು ಮಾತ್ರ ಎರಡರ ಜೊತೆ ಬಂದ ಪುಸ್ತಕಗಳ ಚಿತ್ರ. ಅಮೆರಿಕಾದ್ದರಲ್ಲಿ ಕೋಟು ಹಾಕಿದವರು ಮೇಜಿನ ಸುತ್ತ ಕೂತಿದ್ದರು. ಅಲ್ಲಿ ಈ ಲೈನ್ ಹೆಚ್ಚಾಗಿ ಕಚೇರಿಗಳಿಗೆ, ರೇಡಿಯೋದವರಿಗೆ. ಜರ್ಮನಿಯದರಲ್ಲಿ ಅಡುಗೆಮನೆ ಇತ್ತು. ಒಬ್ಬ ಅಜ್ಜಿ ಹಿಟ್ಟಿನ ಕೈಯಲ್ಲೇ ಪರದೆಯೊಳಗಿನ ಮಗುವಿನ ಕಡೆ ನೋಡಿ ನಗುತ್ತಿದ್ದಳು.

ಆ ಚಿತ್ರವನ್ನು ನಮ್ಮ ಕಚೇರಿಯ ಅಕ್ಕ ನೋಡಿದಳು. ಪಾಪಿನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಬಂದು ನಮಗೆಲ್ಲ ಚಹಾ ಮಾಡಿಕೊಡುತ್ತಿದ್ದವಳು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಚಹಾದ ತಟ್ಟೆ ಕೆಳಗಿಟ್ಟು, ಪರದೆಯೊಳಗಿನ ಮಗುವನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ತನ್ನ ಗಲ್ಲದ ಮೇಲೆ ಎರಡು ಸಲ ತಟ್ಟಿಕೊಂಡು, ದೂರಕ್ಕೆ ಕೈ ತೋರಿಸಿ, ನನ್ನ ಮುಖ ನೋಡಿದಳು.

ಗಲ್ಲ ತಟ್ಟಿಕೊಂಡರೆ ತಂಗಿ ಎಂದು ನನಗೆ ಗೊತ್ತಿತ್ತು. ಆ ತಂಗಿಯ ಗಲ್ಲದ ಮೇಲೆ ಮಚ್ಚೆ. ಅವಳಿಗೂ ಕಿವಿ ಕೇಳದು. ಮದುವೆಯಾಗಿ ಚೆನ್ನೈಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಇಬ್ಬರಿಗೂ ಓದು ಬರುತ್ತಿರಲಿಲ್ಲ. ಅಕ್ಕನ ಗಂಡ ಎಸ್‌ಟಿಡಿ ಬೂತಿನಿಂದ ಆ ಕಡೆಯವರಿಗೆ ಫೋನ್ ಮಾಡಿ ಬಂದು, ಹೆಂಡತಿಗೆ ಅಂಗೈ ಆಡಿಸಿ "ಆರಾಮ ಅದಾಳ" ಎಂದು ತೋರಿಸುತ್ತಿದ್ದ. ಜೊತೆಗೆ ಬೆಳೆದ ತಂಗಿಯ ಸುದ್ದಿಯೆಲ್ಲ ಆ ಒಂದು ಅಂಗೈಯಲ್ಲಿ ಮುಗಿದುಹೋಗುತ್ತಿತ್ತು.

ನಾನು ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು.

"ಮಷೀನ್ ಟೆಸ್ಟ್ ಮಾಡ್ಬೇಕಲ್ಲ ಹೆಂಗಿದ್ರೂ. ಭಾನುವಾರ ಮಾಡ್ರಿ. ಚೆನ್ನೈದವ್ರಿಗೆ ನಾನು ಹೇಳ್ತೀನಿ, ಆಕಿನ್ನ ಕರ್ಕೊಂಬರ್ತಾರ."

ಭಾನುವಾರ ಅಕ್ಕ ತಲೆತುಂಬ ಮಲ್ಲಿಗೆ ಮುಡಿದು, ದೊಡ್ಡ ಹೂವಿನ ಸೀರೆ ಉಟ್ಟು ಗಂಡನ ಜೊತೆ ಬಂದಳು. ನಾನು ನಂಬರ್ ಹಚ್ಚಿದೆ. ಪರದೆಯ ಮೇಲೆ ಮೊದಲು ಚೌಕ ಚೌಕ ಬಣ್ಣ, ಆಮೇಲೆ ಒಂದು ಮುಖ, ಗಲ್ಲದ ಮೇಲೆ ಮಚ್ಚೆ. ಅಕ್ಕನ ಗಂಟಲಿನಿಂದ ಒಂದು ಸಣ್ಣ ದನಿ ಬಂತು. ಇಬ್ಬರ ಕೈಗಳೂ ಒಟ್ಟಿಗೇ ಎದ್ದವು.

ಆದರೆ ಕೈ ಎದ್ದ ಕೂಡಲೇ ಚಿತ್ರ ಕಲಸಿಹೋಗುತ್ತಿತ್ತು. ಬೆರಳಿದ್ದಲ್ಲಿ ಬರೀ ಹೊಗೆ. ಅಕ್ಕ ಕಣ್ಣು ಕಿರಿದು ಮಾಡಿ ಪರದೆಗೆ ಹತ್ತಿರ ಬಗ್ಗಿದಳು. ಏನೂ ತಿಳಿಯದೆ ಗಂಡನ ಕಡೆ ತಿರುಗಿದಳು.

"ಬ್ಯಾಡ ಬಿಡ್ರಿ ಮೇಡಂ," ಅಂದ ಅವನು ಮೆಲ್ಲಗೆ. "ಮುಖ ನೋಡಿದ್ಳಲ್ಲ, ಸಾಕು."

ನಾನು ಬಿಡಲಿಲ್ಲ. ನೋಡಿದರೆ ಲೈನಿನ ಎರಡು ದಾರಿಯಲ್ಲಿ ಒಂದೇ ಕೂಡಿಕೊಂಡಿತ್ತು. ಕರೆ ಕತ್ತರಿಸಿ, ಎರಡೂ ಕೂಡುವ ಹಾಗೆ ಮತ್ತೆ ಹಚ್ಚಿದೆ. ಅಕ್ಕನ ಬೆನ್ನ ಹಿಂದೆ ತೂಗುತ್ತಿದ್ದ ಗೀರುಗೀರಿನ ಬಟ್ಟೆ ತೆಗೆದು ಬಿಳೀ ಗೋಡೆ ಕಾಣುವಂತೆ ಮಾಡಿದೆ. ನನ್ನ ಒಂದೇ ಬಣ್ಣದ ವೇಲನ್ನು ಅಕ್ಕನ ಸೀರೆಯ ಹೂವುಗಳ ಮೇಲೆ ಹೊದಿಸಿದೆ. ಕದಲುವುದು, ಮಿನುಗುವುದು ಎಷ್ಟು ಕಡಿಮೆಯೋ ಬೆರಳು ಅಷ್ಟು ಚೆನ್ನಾಗಿ ಕಾಣುತ್ತದೆ. ಕೊನೆಗೆ ಅವಳ ಎರಡೂ ಕೈ ಹಿಡಿದು ನಿಧಾನ ಆಡಿಸಿ ತೋರಿಸಿದೆ.

ಅವರಿಬ್ಬರೂ ಎಳೆಮಗುವಿನ ಜೊತೆ ಆಡುವ ಹಾಗೆ ಒಂದೊಂದೇ ಮಾತು ಆಡತೊಡಗಿದರು. ತಂಗಿ ತನ್ನ ಬೈತಲೆಯ ಮೇಲೆ ಬೆರಳೆಳೆದು ನಕ್ಕಳು. ಕೂದಲು ನೆರೆತಿದೆ ಅಂತ. ಅಕ್ಕ ಜಡೆ ಮುಂದಕ್ಕೆ ತಂದು ತನ್ನ ಬಿಳಿಯನ್ನೂ ತೋರಿಸಿದಳು. ಉಳಿದದ್ದು ನನಗೆ ತಿಳಿಯಲಿಲ್ಲ. ಅದು ಅವರು ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಭಾಷೆ. ಗಂಡನಿಗೂ ಅರ್ಧ ಬರುತ್ತಿರಲಿಲ್ಲ.

ಆಮೇಲೆ ತಂಗಿ ಪಕ್ಕದಿಂದ ಒಂದು ಪುಟ್ಟ ಹುಡುಗಿಯನ್ನು ಎಳೆದುಕೊಂಡಳು. ಅವಳ ಮಗಳು. ಅಕ್ಕ ಅದನ್ನು ಎಂದೂ ನೋಡಿರಲಿಲ್ಲ. ಮಗು ಪರದೆಯನ್ನು ದಿಟ್ಟಿಸಿತು. ಯಾರೂ ಹೇಳಿಕೊಡದೆ ಎರಡು ಬೆರಳಿಂದ ತನ್ನ ಹುಬ್ಬು ಸವರಿಕೊಂಡಿತು. ಅಕ್ಕನ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗುರುತಿದೆ. ಅವರ ಕೈಭಾಷೆಯಲ್ಲಿ ಅವಳ ಹೆಸರೇ ಅದು.

ಅಕ್ಕ ಮುಂದಕ್ಕೆ ಬಾಗಿ ಪರದೆಯ ಮೇಲೆ ಆ ಮಗುವನ್ನು ಬೆರಳಿನಿಂದ ಮುಟ್ಟಿದಳು. ಪರದೆಯಲ್ಲಿ ತಂಗಿ ತಲೆಯಾಡಿಸುತ್ತ ಏನೋ ತೋರಿಸುತ್ತಿದ್ದಳು. ಗಂಡ ನನಗೆ ಹೇಳಿದ: "ದಿನಾ ಕೂಸಿಗೆ ನಿನ್ ಸುದ್ದಿ ಹೇಳ್ತೀನಿ ಅಂತಾಳ್ರಿ."

ಅಂದಿನಿಂದ ಆಗಾಗ ಭಾನುವಾರ ಮಷೀನ್ ಟೆಸ್ಟ್ ನಡೆಯಿತು. ಮ್ಯಾನೇಜರ್ ಎಂದೂ ಯಾಕೆಂದು ಕೇಳಲಿಲ್ಲ. ಮುಂದೆ ಗಣಿ ಕೆಲಸ ನಿಂತು ಕಚೇರಿ ಮುಚ್ಚಿತು, ಲೈನೂ ಹೋಯಿತು. ನಾನು ಕಮಲಾಪುರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸತೊಡಗಿದೆ.

ಹೋದ ತಿಂಗಳು ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ನನ್ನ ಕೈ ಹಿಡಿದು, ಊಟಕ್ಕೆ ಬಾ ಎಂದು ಬಾಯಿಗೆ ಬೆರಳೊಯ್ದು ಎಳೆದಳು. ನನ್ನ ಬಸ್ ಬಂದರೂ ಬಿಡಲಿಲ್ಲ. ಅವಳ ಜೊತೆ ಪಾಪಿನಾಯಕನಹಳ್ಳಿಗೆ ಹೋದೆ.

ಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ರಜೆಗೆ ಬಂದಿದ್ದಳಂತೆ. ಪರದೆಯಲ್ಲಿ ಅಂಗೈಯಗಲ ಕಂಡಿದ್ದವಳು ನನಗಿಂತ ಒಂದು ಗೇಣು ಎತ್ತರ. ನಾನು ಯಾರೆಂದು ಅಕ್ಕ ಹೇಳುವ ಮೊದಲೇ ಅವಳು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. ಒಳಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ಇಬ್ಬರೂ ನನ್ನ ಎದುರು ಕೂತು ಮಾತಿಗಿಳಿದರು. ಒಂದೂ ತಿಳಿಯದಿದ್ದರೂ ತಟ್ಟೆಯಲ್ಲಿನ ರೊಟ್ಟಿ ಆರುವ ತನಕ ಅವರ ಕೈಗಳನ್ನೇ ನೋಡುತ್ತ ಕೂತೆ.